ನೀರಿಗೆ ಹತ್ತು ನಿಮಿಷ

(ಅಮೆರಿಕದ ಡಾಲಸ್ ಹೊರವಲಯದ ಒಂದು ಮನೆ. ಜೂನ್ ತಿಂಗಳ ಮಧ್ಯಾಹ್ನ. ಬೆಂಗಳೂರಿನ ಸಾರ್ವಜನಿಕ ಉದ್ಯಮವೊಂದರಲ್ಲಿ ದುಡಿದು ನಿವೃತ್ತರಾದ ತಂದೆ, ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು.)

— ಅಪ್ಪ, ಫ್ರಿಜ್‌ನಲ್ಲಿ ನೀರಿನ ಬಾಟಲಿ ಒಂದೂ ಕಾಣ್ತಿಲ್ಲವಲ್ಲ?

— ಎದುರುಮನೆ ಸೂರಿನ ಮೇಲೆ ಕೆಲಸ ಮಾಡ್ತಿರೋರಿಗೆ ಕೊಟ್ಟು ಬಂದೆ. ಬೆಳಗ್ಗೆ ಏಳಕ್ಕೆ ಹತ್ತಿದೋರು, ಈಗ ಎರಡೂವರೆ. ಆರು ಜನ. ಹಳೇ ಹೊದಿಕೆ ಕಿತ್ತುಹಾಕಿ ಟಾರಿನ ಹಾಳೆ ಜೋಡಿಸಿ ಮೊಳೆ ಹೊಡೀತಿದ್ದಾರೆ. ಒಬ್ಬ ಹುಡುಗ ಇಳಿದು ಬಂದು ಬಾಟಲಿ ತೊಗೊಂಡ. ಅರ್ಧ ಕುಡಿದ, ಇನ್ನರ್ಧ ತಲೆ ಮೇಲೆ ಸುರಿದುಕೊಂಡ. ಮೊಣಕಾಲಿಗೆ ಕಟ್ಟಿದ್ದ ಪ್ಯಾಡಿಗೆಲ್ಲ ಟಾರು ಮೆತ್ತಿತ್ತು. ಅವನಿಗೆ ಇಂಗ್ಲಿಷ್ ಬರಲ್ಲ, ನನಗೆ ಸ್ಪ್ಯಾನಿಷ್ ಬರಲ್ಲ. ಮೇಸ್ತ್ರಿ ಮೇಲಿಂದ ಕೂಗಿದ, ಹುಡುಗ ಏಣಿ ಹತ್ತಿದ. ಎರಡು ನಿಮಿಷವೂ ನಿಲ್ಲಲಿಲ್ಲ. ಇಲ್ಲಿ ಕೆಲಸದ ಮಧ್ಯೆ ಬಿಡುವು ಕೊಡಬೇಕು ಅಂತ ಕಾನೂನಿಲ್ವೇನಮ್ಮ?

— ಇಲ್ಲ. ಫೆಡರಲ್ ಕಾನೂನಿನಲ್ಲೂ ಇಲ್ಲ, ಟೆಕ್ಸಾಸ್ ಕಾನೂನಿನಲ್ಲೂ ಇಲ್ಲ. ಆಸ್ಟಿನ್ ನಗರದೋರು 2010ರಲ್ಲಿ, ಡಾಲಸ್‌ನೋರು 2015ರಲ್ಲಿ ಒಂದು ನಿಯಮ ಮಾಡಿದ್ದರು. ಕಟ್ಟಡ ಕೆಲಸದೋರಿಗೆ 4 ಗಂಟೆಗೊಂದು ಸಲ 10 ನಿಮಿಷ ಬಿಡುವು, ನೀರು ಕುಡಿಯೋಕೆ, ನೆರಳಲ್ಲಿ ಕೂರೋಕೆ. ಅಷ್ಟಕ್ಕೇ ಎಷ್ಟೋ ಜನ ಎಷ್ಟೋ ದಿನ ಓಡಾಡಿದ್ದರು. 2023ರಲ್ಲಿ ರಾಜ್ಯದ ಶಾಸನಸಭೆ ನಗರಗಳ ಅಧಿಕಾರವನ್ನೇ ಮೊಟಕು ಮಾಡೋ ಕಾನೂನು ತಂದು ಇಂಥ ನಿಯಮಗಳ ಬುಡಕ್ಕೇ ಕೊಡಲಿ ಹಾಕಿತು. ಗವರ್ನರ್ ಸಹಿ ಮಾಡಿದ್ದು ಜೂನ್‌ನಲ್ಲಿ, ಇದೇ ಥರ ಬಿಸಿಲು ಕಾಯ್ತಿದ್ದಾಗ.

— ನೀರು ಕುಡಿಯೋ ಹತ್ತು ನಿಮಿಷಾನ ಕಾನೂನು ಮಾಡಿ ಕಿತ್ಕೊಂಡರಾ! ಕಾಲು ಜಾರಿ ಕೆಳಗೆ ಬಿದ್ದರೆ? ನಮ್ಮ ಇಎಸ್‌ಐ ಥರ ಏನಾದರೂ ಇರಬೇಕಲ್ಲ.

— ಅಪಘಾತ ಪರಿಹಾರದ ವಿಮೆ ಹೆಚ್ಚುಕಮ್ಮಿ ಎಲ್ಲ ರಾಜ್ಯಗಳಲ್ಲೂ ಕಡ್ಡಾಯ. ಟೆಕ್ಸಾಸ್‌ನಲ್ಲಿ ಮಾತ್ರ ಖಾಸಗಿ ಮಾಲೀಕ ಬೇಕಾದರೆ ಮಾಡಿಸಬಹುದು, ಬೇಡವಾದರೆ ಬಿಡಬಹುದು. ಆದರೆ ಅಪ್ಪ, ನೀವು ಬಂದು ನಾಲ್ಕು ತಿಂಗಳಾಯ್ತು, ಕಂಡದ್ದೆಲ್ಲ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ಆ ಹುಡುಗನಿಗೆ ಇಲ್ಲಿ ದಿನಕ್ಕೆ ಸಿಗೋದು ಅವನ ಊರಲ್ಲಿ ವಾರ ದುಡಿದರೂ ಸಿಗಲಿಕ್ಕಿಲ್ಲ. ಅದಕ್ಕೇ ಬಂದಿದ್ದಾನೆ. ನಾನೂ ಅದಕ್ಕೇ ತಾನೆ ಬಂದಿದ್ದು?

— ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಮೊನ್ನೆ ಹೋಟೆಲಲ್ಲಿ ಊಟ ಮಾಡಿದೆವಲ್ಲ, ಬಡಿಸಿದ ಆ ಹೆಂಗಸಿಗೆ ಅರವತ್ತರ ಮೇಲಾಗಿತ್ತು. ಒಂದು ಕಾಲು ಎಳೆದು ಹಾಕ್ತಿದ್ದಳು. ಬಿಲ್ಲಿನ ಕೆಳಗೆ 18, 20, 22 ಪರ್ಸೆಂಟ್ ಅಂತ ಅಚ್ಚಾಗಿತ್ತು, ನೀನು 20ಕ್ಕೆ ಗುರುತು ಹಾಕಿದೆ. ಯಾಕಮ್ಮ ಅಂದರೆ ಇಲ್ಲಿನ ಪದ್ಧತಿ ಅಂದೆ.

— ಅವರ ಸಂಬಳವೇ ಅದು. ಟಿಪ್ಸ್ ಸಿಗೋ ಕೆಲಸಕ್ಕೆ ಮಾಲೀಕ ತನ್ನ ಕೈಯಿಂದ ಗಂಟೆಗೆ 2 ಡಾಲರ್ 13 ಸೆಂಟ್ ಕೊಟ್ಟರೆ ಸಾಕು. ಟಿಪ್ಸ್ ಸೇರಿಸಿದ ಮೇಲೂ 7 ಡಾಲರ್ 25 ಸೆಂಟ್ ಮುಟ್ಟದಿದ್ದರೆ ಮಾತ್ರ ಕೊರತೆ ತುಂಬಬೇಕು. ಆ ಏಳೂಕಾಲು ಡಾಲರೇ ಇಡೀ ದೇಶದ ಕನಿಷ್ಠ ವೇತನ. 2009ರ ಜುಲೈನಿಂದ ಒಂದು ಸೆಂಟೂ ಏರಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಥರದ ರಾಜ್ಯಗಳು ತಮ್ಮ ತಮ್ಮ ದರ ಏರಿಸಿಕೊಂಡಿವೆ, ಟೆಕ್ಸಾಸ್ ಏರಿಸಿಲ್ಲ.

— ಆ 2 ಡಾಲರ್ 13 ಯಾವ ಕಾಲದ್ದು?

— 1991. ನಾನು ಹುಟ್ಟಿದ ವರ್ಷ.

— ನೀನು ಹುಟ್ಟಿ, ಓದಿ, ಮದುವೆಯಾಗಿ, ನಿನ್ನ ಮಗ ಶಾಲೆಗೆ ಹೋಗ್ತಿದ್ದಾನೆ. ಆ ದುಡ್ಡು ಅಲ್ಲೇ ನಿಂತಿದೆ. ನಮ್ಮ ಕಾರ್ಖಾನೆಯಲ್ಲಿ ಮೂರು ತಿಂಗಳಿಗೊಮ್ಮೆ ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಏರಿಸ್ತಿದ್ದರು. ಅಕ್ಕಿ ಬೆಲೆ ಏರಿದರೆ ಸಂಬಳವೂ ಏರಬೇಕು, ಅಷ್ಟೇ ಲೆಕ್ಕ. ನಿನ್ನ ಅಮ್ಮ ಅದನ್ನ ನಂಬಿಕೊಂಡೇ ಚೀಟಿ ಹಾಕ್ತಿದ್ದದ್ದು.

— ಇಲ್ಲಿಯೂ ತುಟ್ಟಿಭತ್ಯೆ ಇತ್ತು, ಗೊತ್ತಾ? ವಾಹನ ಕಾರ್ಮಿಕರ ಸಂಘ ಯುಎಡಬ್ಲ್ಯು 1948ರಲ್ಲೇ ಜನರಲ್ ಮೋಟರ್ಸ್ ಜೊತೆಗಿನ ಒಪ್ಪಂದದಲ್ಲಿ ಅದನ್ನ ಬರೆಸಿಕೊಂಡಿತ್ತು. 1950ರಲ್ಲಿ ಐದು ವರ್ಷದ ಒಪ್ಪಂದ ಆಯ್ತು, ಪಿಂಚಣಿ, ಆಸ್ಪತ್ರೆ ಖರ್ಚು ಎಲ್ಲ ಸೇರಿಸಿ. ಡೆಟ್ರಾಯಿಟ್ ಒಡಂಬಡಿಕೆ ಅಂತಲೇ ಅದಕ್ಕೆ ಹೆಸರು. ಹೈಸ್ಕೂಲು ಮುಗಿಸಿದವನು ಕಾರು ಜೋಡಿಸಿ ಮನೆ ಕಟ್ಟಿಸಿ ಮಕ್ಕಳನ್ನ ಕಾಲೇಜಿಗೆ ಕಳಿಸಿದ ಕಾಲ ಅದು. 2009ರಲ್ಲಿ ಕಂಪನಿ ದಿವಾಳಿ ಅಂಚಿಗೆ ಬಂದಾಗ ಸಂಘ ಆ ತುಟ್ಟಿಭತ್ಯೆಯನ್ನ ಬಿಟ್ಟುಕೊಡ್ತು. ವಾಪಸ್ ಸಿಕ್ಕಿದ್ದು 2023ರಲ್ಲಿ, ಮೂರು ಕಂಪನಿಗಳ ಮೇಲೆ ಒಟ್ಟಿಗೇ ಮುಷ್ಕರ ಹೂಡಿದ ಮೇಲೆ.

— ಅದೆಲ್ಲದರ ಬೇರು ಎಲ್ಲಿದೆ ಅಂತ ನಿಮ್ಮೂರ ಲೈಬ್ರರಿಯಲ್ಲಿ ಓದಿದೆ. ಮಿಷಿಗನ್‌ನ ಫ್ಲಿಂಟ್ ಅನ್ನೋ ಊರು. 1936ರ ಡಿಸೆಂಬರ್ 30. ಜನರಲ್ ಮೋಟರ್ಸ್‌ಗೆ ಕಾರಿನ ಮೈ ತಯಾರಿಸೋ ಕಾರ್ಖಾನೆಯ ಜನ ಯಂತ್ರ ನಿಲ್ಲಿಸಿದರು, ಆದರೆ ಗೇಟಿನಿಂದ ಆಚೆ ಹೋಗಲಿಲ್ಲ, ಅಲ್ಲೇ ಕೂತುಬಿಟ್ಟರು. ಆಚೆ ಹೋಗಿ ನಿಂತರೆ ಕಂಪನಿ ಬೇರೆಯೋರನ್ನ ಒಳಗೆ ಬಿಡುತ್ತೆ. ಯಂತ್ರದ ಪಕ್ಕದಲ್ಲಿ ತಾವೇ ಕೂತರೆ ಯಾರನ್ನ ತರ್ತೀಯ? ಕಾರಿಗೆ ಅಂತ ಮಾಡಿಟ್ಟಿದ್ದ ಸೀಟುಗಳನ್ನೇ ಹಾಸಿ ಮಲಗಿದರು. ಚಳಿಗಾಲದಲ್ಲಿ ಕಂಪನಿ ಬಿಸಿಗಾಳಿ ನಿಲ್ಲಿಸಿತು. ಜನವರಿ 11ಕ್ಕೆ ಪೊಲೀಸರು ಅಶ್ರುವಾಯು ಹಾರಿಸಿದಾಗ ಒಳಗಿನೋರು ಬೆಂಕಿ ಆರಿಸೋ ಪೈಪಿನಿಂದ ನೀರು ಬಿಟ್ಟರು, ಬಾಗಿಲ ಕೀಲು ತೂರಿದರು. ಇನ್ನೊಂದು ದಿನ ಇನ್ನೊಂದು ಕಾರ್ಖಾನೆಯಲ್ಲಿ ಹೆಂಗಸರು ಹೊರಗಿಂದ ಕಿಟಕಿ ಗಾಜು ಒಡೆದು ಹೊಗೆ ಆಚೆ ಹೋಗೋ ಹಾಗೆ ಮಾಡಿದರು. 44 ದಿನ. ಗವರ್ನರ್ ಫ್ರಾಂಕ್ ಮರ್ಫಿ ಸೈನ್ಯ ಕರೆಸಿದ, ಆದರೆ ಕಾರ್ಮಿಕರ ಮೇಲೆ ನುಗ್ಗಿಸಲಿಲ್ಲ. ಫೆಬ್ರವರಿ 11ಕ್ಕೆ ಅಷ್ಟು ದೊಡ್ಡ ಕಂಪನಿ ಸಂಘಾನ ಒಪ್ಪಿಕೊಂಡು ಸಹಿ ಹಾಕಿತು. ಅವತ್ತು ಸಿಕ್ಕಿದ್ದು ಗಂಟೆಗೆ ಐದು ಸೆಂಟ್ ಜಾಸ್ತಿ. ಊಟದ ಹೊತ್ತಲ್ಲಿ ಪಕ್ಕದೋನ ಜೊತೆ ಮಾತಾಡೋ ಹಕ್ಕೂ ಸಿಕ್ತಂತೆ. ಅದಕ್ಕೆ ಮುಂಚೆ ಅದೂ ಇರಲಿಲ್ಲ ಅಂತಾಯ್ತಲ್ಲ! ಓದ್ತಾ ಓದ್ತಾ ನನಗೆ ಗಂಟಲು ಕಟ್ಟಿತು.

— ನಿಮಗೆ ಗಂಟಲು ಕಟ್ಟುತ್ತೆ. ನನಗೆ ಬೇರೆ ಪುಟವೂ ಕಾಣುತ್ತೆ. ಅದೇ ಸಂಘದ ಇಬ್ಬರು ಮಾಜಿ ಅಧ್ಯಕ್ಷರು ಕಾರ್ಮಿಕರ ಚಂದಾ ದುಡ್ಡು ನುಂಗಿ ಮೋಜು ಮಾಡಿ ತಪ್ಪೊಪ್ಪಿಕೊಂಡು 2021ರಲ್ಲಿ ಜೈಲು ಶಿಕ್ಷೆಗೆ ಗುರಿಯಾದರು. ಇನ್ನೂ ಹಿಂದಕ್ಕೆ ಹೋಗಿ. ಚೀನೀ ಕಾರ್ಮಿಕರು ಈ ದೇಶಕ್ಕೆ ಬರಲೇಬಾರದು ಅಂತ 1882ರಲ್ಲಿ ಕಾನೂನು ಬಂತಲ್ಲ, ಅದಕ್ಕೆ ಗಂಟಲು ಹರಿದು ಕೂಗಿದೋರಲ್ಲಿ ಕಾರ್ಮಿಕ ಸಂಘಗಳೂ ಇದ್ದವು. 1907ರ ಸೆಪ್ಟೆಂಬರ್ 4ರ ರಾತ್ರಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳಲ್ಲಿ ದುಡೀತಿದ್ದ ಪಂಜಾಬಿಗಳನ್ನ ಮನೆಯಿಂದ ಎಳೆದು ಹೊಡೆದು ಊರು ಬಿಡಿಸಿದರು. ಹೊಡೆದೋರು ಮಾಲೀಕರಲ್ಲ ಅಪ್ಪ, ಬಿಳಿ ಕಾರ್ಮಿಕರು. ಇವರು ಕಡಿಮೆ ಕೂಲಿಗೆ ದುಡಿದು ನಮ್ಮ ಕೂಲಿ ಇಳಿಸ್ತಾರೆ ಅಂತ. ನನ್ನ ವೀಸಾ ಬಗ್ಗೆ ಇವತ್ತೂ ಇದೇ ಮಾತು ಕೇಳ್ತೀನಿ. ಹೀಗಿರುವಾಗ ಸಂಘ ಅಂದರೆ ನಾನು ಹೇಗೆ ಕೈ ಮುಗೀಲಿ?

— ಕೈ ಮುಗಿಯೋದು ಬೇಡ. ದುಡ್ಡು ತಿಂದೋರು ಜೈಲಿಗೆ ಹೋಗಲಿ, ನ್ಯಾಯವೇ. ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಆದದ್ದು ಪಾಪ, ಅದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡಲ್ಲ. ಆದರೆ ಪಂಜಾಬಿಗಳನ್ನ ಓಡಿಸಿದ ಮೇಲೆ ಮಿಲ್ಲಿನ ಮಾಲೀಕ ಬಿಳಿಯರ ಕೂಲಿ ಏರಿಸೋದಕ್ಕೆ ಯಾವ ಕಾರಣ ಇತ್ತು? ಆ ಪಂಜಾಬಿಗಳನ್ನೂ ಸೇರಿಸಿಕೊಂಡು ಒಂದೇ ಕೂಲಿ ಕೇಳಿದ್ದರೆ ಕಡಿಮೆ ಕೂಲಿಯೋನು ಅಂತ ಯಾರಿರ್ತಿದ್ದರು?

— ಅದನ್ನ ಮಾಲೀಕರ ಕಡೆಯೋರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಇಲ್ಲೇ ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್‌ನಲ್ಲಿ, ವ್ಯಾನ್ಸ್ ಮ್ಯೂಸ್ ಅಂತ ಒಬ್ಬ ಇದ್ದ. 1940ರ ದಶಕದಲ್ಲಿ 'ರೈಟ್ ಟು ವರ್ಕ್' ಕಾನೂನುಗಳಿಗಾಗಿ ಊರೂರು ಪ್ರಚಾರ ಮಾಡಿದ. ಹೆಸರು ಕೇಳಿದರೆ ಎಲ್ಲರಿಗೂ ಕೆಲಸ ಕೊಡೋ ಕಾನೂನು ಅನ್ನಿಸುತ್ತೆ. ಒಳಗಿರೋದು ಬೇರೆ. ಸಂಘ ಗೆದ್ದು ತಂದ ಸಂಬಳ ಎಲ್ಲರಿಗೂ ಸಿಗುತ್ತೆ, ಯಾರ ಪರ ವಾದಿಸೋಕೂ ಸಂಘ ಕಾನೂನು ಪ್ರಕಾರ ಬದ್ಧ, ಆದರೆ ಚಂದಾ ಕೊಡದೇ ಇರಬಹುದು. ಮ್ಯೂಸ್ ಬಿಳಿಯರಿಗೆ ಹೇಳ್ತಿದ್ದದ್ದು ಏನು ಅಂದರೆ, ಈ ಕಾನೂನು ಬರದಿದ್ದರೆ ನೀವು ಕರಿಯರ ಜೊತೆ ಒಂದೇ ಸಂಘದಲ್ಲಿ ಕೂರಬೇಕಾಗುತ್ತೆ ಅಂತ. 1947ರಲ್ಲಿ ಟೆಕ್ಸಾಸ್‌ನಲ್ಲಿ ಆ ಕಾನೂನು ಬಂತು. ಅದೇ ವರ್ಷ ಟಾಫ್ಟ್-ಹಾರ್ಟ್ಲಿ ಕಾಯ್ದೆ ಅದಕ್ಕೆ ದೇಶಾದ್ಯಂತ ದಾರಿ ಮಾಡಿಕೊಡ್ತು. ಈಗ 26 ರಾಜ್ಯಗಳಲ್ಲಿದೆ.

— ಅಂದರೆ ಬೇಲಿ ಹಾಕಿದ್ದು ಕಾರ್ಮಿಕರ ಮಧ್ಯೆ.

— ಅದಕ್ಕೂ ಮುಂಚೆಯೇ ಹಾಕಿಯಾಗಿತ್ತು. ಸಂಘ ಕಟ್ಟೋ ಹಕ್ಕು ಕೊಟ್ಟ ಕಾನೂನು 1935ರದು, ವ್ಯಾಗ್ನರ್ ಕಾಯ್ದೆ ಅಂತಾರೆ. ಅದರಲ್ಲಿ ಹೊಲದ ಕೂಲಿಗಳಿಲ್ಲ, ಮನೆಗೆಲಸದೋರಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಆ ಎರಡು ಕೆಲಸ ಮಾಡ್ತಿದ್ದೋರು ಹೆಚ್ಚಾಗಿ ಕರಿಯರು. ಇವತ್ತಿಗೂ ಆ ಸಾಲು ಹಾಗೇ ಇದೆ. 2002ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಡ್ತು. ಕಾಗದಪತ್ರ ಇಲ್ಲದ ವಲಸಿಗ ಸಂಘ ಕಟ್ಟಿದ್ದಕ್ಕೆ ಕೆಲಸ ಕಳಕೊಂಡರೆ, ತೆಗೆದದ್ದು ಕಾನೂನುಬಾಹಿರವೇ ಆದರೂ ಅವನಿಗೆ ಬಾಕಿ ಸಂಬಳ ಇಲ್ಲ.

— ಎದುರುಮನೆ ಮೇಲೆ ಇರೋರಿಗೆ ಕಾಗದಪತ್ರ ಇದೆಯೋ ಇಲ್ವೋ ನಮಗೆ ಗೊತ್ತಿಲ್ಲ. ಆದರೆ ಇಲ್ಲದವನು ಒಬ್ಬ ಆ ಗುಂಪಲ್ಲಿದ್ದರೂ ಸಾಕು, ಆರು ಜನರ ಬಾಯಿಗೂ ಬೀಗ. ನಿನಗೆ ನಾನು 1981 ಹೇಳಿದ್ದೆನಲ್ಲ?

— ನಿಮ್ಮ 77 ದಿನದ ಮುಷ್ಕರ. ಅಜ್ಜಿ ಬಳೆ ಅಡ ಇಟ್ಟದ್ದು.

— ಹೌದು. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರೆಲ್ಲ 1980ರ ಡಿಸೆಂಬರ್ ಕೊನೆಗೆ ಒಟ್ಟಿಗೇ ಕೆಲಸ ನಿಲ್ಲಿಸಿದ್ದೆವು, ಬಿಎಚ್‌ಇಎಲ್‌ನೋರಿಗೆ ಕೊಡೋ ಸಂಬಳ ನಮಗೂ ಕೊಡಿ ಅಂತ. ಮಾರ್ಚ್‌ನಲ್ಲಿ ಕೇಳಿದ್ದು ಸಿಗದೇ ತಲೆ ತಗ್ಗಿಸಿಕೊಂಡು ಒಳಗೆ ಹೋದೆವು. ಅದೇ ವರ್ಷ ದೆಹಲಿಯಲ್ಲಿ ಮುಷ್ಕರ ನಿಷೇಧಿಸೋ ಕಾನೂನು ಎಸ್ಮಾ ಬಂತು. ಆ ಆಗಸ್ಟ್‌ನಲ್ಲಿ ಪೇಪರಲ್ಲಿ ಓದಿದೆ, ಅಮೆರಿಕದಲ್ಲಿ ವಿಮಾನಗಳಿಗೆ ದಾರಿ ತೋರಿಸೋರು ಮುಷ್ಕರ ಮಾಡಿದ್ದಾರೆ, ರೇಗನ್ 48 ಗಂಟೆ ಗಡುವು ಕೊಟ್ಟು 11 ಸಾವಿರಕ್ಕೂ ಹೆಚ್ಚು ಜನರನ್ನ ಒಂದೇ ಏಟಿಗೆ ಕೆಲಸದಿಂದ ತೆಗೆದಿದ್ದಾನೆ ಅಂತ. ಅವನೇ ಒಂದು ಕಾಲದಲ್ಲಿ ಸಿನಿಮಾ ನಟರ ಸಂಘದ ಅಧ್ಯಕ್ಷ. ಹಿಂದಿನ ವರ್ಷದ ಚುನಾವಣೆಯಲ್ಲಿ ಆ ವಿಮಾನದೋರ ಸಂಘ ಬೆಂಬಲ ಕೊಟ್ಟದ್ದೂ ಅವನಿಗೇ. ಕ್ಯಾಂಟೀನ್ ಮುಂದೆ ನಿಂತು ಆ ಸುದ್ದಿ ಓದಿದಾಗ ನಮ್ಮ ಜೊತೆಯೋನೊಬ್ಬ 'ನಮ್ಮನ್ನ ಒಳಗಾದರೂ ಬಿಟ್ಟರಲ್ಲಪ್ಪ' ಅಂದ.

— ಅಲ್ಲಿಂದಾಚೆ ಖಾಸಗಿಯೋರಿಗೂ ಧೈರ್ಯ ಬಂತು. ಮುಷ್ಕರ ಮಾಡಿದವನನ್ನ ತೆಗೆಯೋ ಹಾಗಿಲ್ಲ, ಆದರೆ ಅವನ ಜಾಗಕ್ಕೆ ಕಾಯಂ ಆಗಿ ಇನ್ನೊಬ್ಬನನ್ನ ತರಬಹುದು ಅಂತ 1938ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಬೇಡಿ, ನನಗೂ ಅರ್ಥವಾಗಿಲ್ಲ. 1983ರಲ್ಲಿ ಅರಿಜೋನಾದ ತಾಮ್ರದ ಗಣಿಗಳಲ್ಲಿ ಅದೇ ದಾರಿ ಹಿಡಿದು ಸಂಘಗಳನ್ನೇ ಮುಗಿಸಿದರು. ಆ ವರ್ಷ ದೇಶದಲ್ಲಿ 100 ನೌಕರರಲ್ಲಿ 20 ಜನ ಸಂಘದಲ್ಲಿದ್ದರು. 2024ಕ್ಕೆ 10ಕ್ಕಿಂತ ಕಡಿಮೆ, ಖಾಸಗಿ ಕಂಪನಿಗಳಲ್ಲಿ 6ಕ್ಕಿಂತ ಕಡಿಮೆ. ಕಾರ್ಖಾನೆಗಳು ಮೆಕ್ಸಿಕೋಗೆ, ಚೀನಾಕ್ಕೆ ಹೋದದ್ದೂ ಕಾರಣ, ಅದನ್ನ ನೀವು ಒಪ್ಪಬೇಕು.

— ಒಪ್ಪಿದೆ. ಆದರೆ ಹೋಟೆಲು ಮೆಕ್ಸಿಕೋಗೆ ಹೋಗಲ್ಲ, ಸೂರು ಚೀನಾಕ್ಕೆ ಹೋಗಲ್ಲ. ಅಲ್ಲಿ ಯಾಕೆ ಸಂಘ ಇಲ್ಲ?

— ಕಟ್ಟೋಕೆ ಹೋದರೆ ಗೊತ್ತಾಗುತ್ತೆ. ಮೊದಲು 30 ಪರ್ಸೆಂಟ್ ಜನರ ಸಹಿ, ಆಮೇಲೆ ಮತದಾನ. ಅಷ್ಟರಲ್ಲಿ ಮುಂದಾಳನ್ನ ಏನೋ ನೆಪ ಹೇಳಿ ಕೆಲಸದಿಂದ ತೆಗೀತಾರೆ. ಆ ವ್ಯಾಗ್ನರ್ ಕಾಯ್ದೆಯಲ್ಲಿ ಮಾಲೀಕನಿಗೆ ದಂಡವೇ ಇಲ್ಲ ಅಪ್ಪ. ವರ್ಷಗಟ್ಟಲೆ ಕೇಸು ನಡೆದು ತಪ್ಪು ಅಂತ ಸಾಬೀತಾದರೆ ಬಾಕಿ ಸಂಬಳ ಕೊಡಬೇಕು. ಅದರಲ್ಲೂ ಅವನು ನಡುವೆ ಬೇರೆ ಕಡೆ ದುಡಿದದ್ದನ್ನ ಕಳೀತಾರೆ. ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್‌ನಲ್ಲಿ ಅಮೆಜಾನ್ ಗೋದಾಮಿನೋರು 2022ರ ಏಪ್ರಿಲ್ 1ರಂದು ಗೆದ್ದರು, 2,654 ಮತ ಪರ, 2,131 ವಿರುದ್ಧ. ಪೇಪರಲ್ಲೆಲ್ಲ ದೊಡ್ಡ ಸುದ್ದಿ. ಮೂರು ವರ್ಷ ಕಳೆದರೂ ಒಪ್ಪಂದದ ಒಂದು ಹಾಳೆ ಕೈಗೆ ಬರಲಿಲ್ಲ. ಇನ್ನು ಈ ದೂರುಗಳನ್ನೆಲ್ಲ ಕೇಳಬೇಕಾದ ಕಾರ್ಮಿಕ ಮಂಡಳಿ ಇದೆಯಲ್ಲ, 2025ರ ಜನವರಿಯಲ್ಲಿ ಟ್ರಂಪ್ ಅದರ ಒಬ್ಬ ಸದಸ್ಯೆಯನ್ನ ತೆಗೆದುಹಾಕಿದ ಮೇಲೆ ಕೋರಂ ಇಲ್ಲದೇ ತಿಂಗಳುಗಟ್ಟಲೆ ತೀರ್ಪನ್ನೇ ಕೊಡೋಕಾಗಲಿಲ್ಲ.

— ಇಷ್ಟೆಲ್ಲ ತಿಳಕೊಂಡಿರೋ ನೀನು ನಿನ್ನ ಆಫೀಸಲ್ಲಿ ಒಂದು ಸಂಘದ ಮಾತು ಎತ್ತಿದೀಯೇನಮ್ಮ?

— ... ಇಲ್ಲ. ನಮ್ಮಂಥೋರಿಗೆ ಯಾಕೆ ಬೇಕು ಅಂತಲೇ ಇದ್ದೆ. ಒಳ್ಳೇ ಸಂಬಳ, ಎಸಿ ರೂಮು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ನನ್ನ ಪಕ್ಕದ ಸೀಟಿನ ಹುಡುಗ ಫೋನ್ ಮಾಡಿದ, ದಾವಣಗೆರೆಯೋನು. 'ಅಕ್ಕಾ, ಲಾಗಿನ್ ಆಗ್ತಿಲ್ಲ, ನಿಮಗೆ ಆಗ್ತಿದೆಯಾ?' ಅಂದ. ನನಗೆ ಆಗ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಸ್ವಂತ ಈಮೇಲಿಗೆ ಕಾಗದ ಬಂದಿತ್ತು, ಇವತ್ತೇ ಕೊನೆ ದಿನ ಅಂತ. ಮಾಂಟಾನಾ ಒಂದು ಬಿಟ್ಟು ಯಾವ ರಾಜ್ಯದಲ್ಲೂ ಕಾರಣ ಹೇಳಬೇಕಾಗಿಲ್ಲ. ಎಚ್-1ಬಿ ವೀಸಾದೋನು 60 ದಿನದೊಳಗೆ ಬೇರೆ ಕೆಲಸ ಹಿಡೀಬೇಕು, ಇಲ್ಲ ದೇಶ ಬಿಡಬೇಕು. ಅವನ ಹೆಂಡತಿಗೆ ಆರನೇ ತಿಂಗಳು. ಆಸ್ಪತ್ರೆ ವಿಮೆ ಇದ್ದದ್ದೂ ಕಂಪನಿಯಿಂದಲೇ. ನಾವು ಹದಿನಾಲ್ಕು ಜನ ಮೀಟಿಂಗಲ್ಲಿ ಕೂತಿದ್ದೆವು, ಯಾರೂ ಅವನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನ ಗ್ರೀನ್ ಕಾರ್ಡ್ ಅರ್ಜಿ ಅದೇ ಕಂಪನಿ ಕೈಯಲ್ಲಿತ್ತಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಪ್ಪ.

— ಹುಡುಗ ಏನಾದ?

— 52ನೇ ದಿನಕ್ಕೆ ಕೆಲಸ ಸಿಕ್ತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಅವನು ಚೌಕಾಸಿ ಮಾಡೋ ಸ್ಥಿತಿಯಲ್ಲಿರಲಿಲ್ಲ, ಕೊಡೋರಿಗೂ ಅದು ಗೊತ್ತಿತ್ತು.

— ನೋಡು, ಸೂರಿನ ಮೇಲಿನ ಹುಡುಗ ನೀರು ಕೇಳೋಕೆ ಹೆದರ್ತಾನೆ, ಎಸಿ ರೂಮಿನ ನೀನು ಹೆಸರು ಹೇಳೋಕೆ ಹೆದರ್ತೀಯ. ಸಂಬಳದಲ್ಲಿ ಅಜಗಜಾಂತರ, ಹೆದರಿಕೆ ಒಂದೇ. ನಾನು ಮುಷ್ಕರದಲ್ಲಿ ಸೋತವನೇ. ಆದರೆ ಆ 77 ದಿನ ನಾನು ಒಬ್ಬನೇ ಹೆದರಲಿಲ್ಲ. ಪಕ್ಕದ ಮನೆಯೋನು, ಬಸ್ಸಲ್ಲಿ ಬರ್ತಿದ್ದೋನು, ಎಲ್ಲರೂ ಒಟ್ಟಿಗೇ ಹೆದರಿದ್ದೆವು, ಅದರಲ್ಲೇ ಬಾಯಿ ಬಿಟ್ಟು ಕೇಳಿದ್ದೆವು. ನ್ಯಾಯವಾದ ಕೂಲಿ ಎಷ್ಟು ಅಂತ ಅರ್ಥಶಾಸ್ತ್ರದೋರು ಲೆಕ್ಕ ಹಾಕಲಿ. ಅದನ್ನ ಕೇಳೋಕೆ ಕಾರ್ಮಿಕನಿಗೆ ಬಾಯಿ ಇಲ್ಲದಿದ್ದರೆ ಆ ಲೆಕ್ಕ ಯಾರಿಗೆ ಬೇಕು? ಈ ದೇಶ ದುಡಿಯೋನಿಗೆ ಕಡಿಮೆ ಕೊಡುತ್ತೆ ಅಂತ ನಾನು ಹೇಳಲ್ಲ. ಅವನನ್ನ ಒಂಟಿ ಮಾಡಿ ನಿಲ್ಲಿಸಿದೆ, ಅದು ಅನ್ಯಾಯ.

— ನೀವು ಹೇಳಿದ ಒಂಟಿ ಅನ್ನೋ ಮಾತಿಗೆ ಮೆಂಫಿಸ್ ನೆನಪಾಯ್ತು. ಕಳೆದ ವರ್ಷ, ನೀವು ಬರೋಕೆ ಮುಂಚೆ, ನಾವು ಅಲ್ಲಿಗೆ ಹೋಗಿದ್ದೆವು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಕೊಂದ ಲೊರೇನ್ ಮೋಟೆಲ್ ಈಗ ಮ್ಯೂಸಿಯಂ. ಕಿಂಗ್ ಆ ಊರಿಗೆ ಯಾಕೆ ಬಂದಿದ್ದರು ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಕಸ ಎತ್ತೋರ ಮುಷ್ಕರಕ್ಕೆ ಅಪ್ಪ. 1968ರ ಫೆಬ್ರವರಿ 1, ಜೋರು ಮಳೆ. ಇಬ್ಬರು ಕಾರ್ಮಿಕರು ಕಸದ ಲಾರಿಯ ಹಿಂದೆ, ಕಸ ಅದುಮೋ ಜಾಗದಲ್ಲೇ, ಮಳೆಗೆ ಮರೆಯಾಗಿ ನಿಂತಿದ್ದರು. ಯಂತ್ರ ತಾನಾಗೇ ಚಾಲೂ ಆಗಿ ಇಬ್ಬರನ್ನೂ ಒಳಕ್ಕೆಳೆದು ಅರೆದುಹಾಕಿತು. ಹನ್ನೊಂದು ದಿನದ ಮೇಲೆ 1,300 ಜನ ಕೆಲಸ ನಿಲ್ಲಿಸಿದರು, ಹೆಚ್ಚುಕಮ್ಮಿ ಎಲ್ಲರೂ ಕರಿಯರೇ. ಕೊರಳಿಗೆ ಹಾಕಿಕೊಂಡ ಫಲಕದಲ್ಲಿ ಸಂಬಳದ ಮಾತೇ ಇರಲಿಲ್ಲ. 'ನಾನು ಮನುಷ್ಯ' ಅಂತ ಇತ್ತು.

— ನಾನು ಮನುಷ್ಯ ಅಂತ ಬರೆದುಕೊಂಡು ಬೀದಿಗೆ ಬರಬೇಕಾಯ್ತಾ...

— ಏಪ್ರಿಲ್ 4ಕ್ಕೆ ಕಿಂಗ್ ಅವರನ್ನ ಕೊಂದರು. ಮೇಯರ್ ಅಲ್ಲೀವರೆಗೂ ಸಂಘಾನ ಒಪ್ಪಿರಲಿಲ್ಲ. ಏಪ್ರಿಲ್ 16ಕ್ಕೆ ನಗರ ಒಪ್ಪಿತು. ಸಂಘಕ್ಕೆ ಮಾನ್ಯತೆ ಸಿಕ್ತು, ಕೂಲಿ ಏರಿತು.

— ಪಿಂಚಣಿ? ಆ ವಯಸ್ಸಲ್ಲಿ ಯಾರೂ ಕೇಳಲ್ಲ, ಆಮೇಲೆ ಗೊತ್ತಾಗುತ್ತೆ. ಅವರಿಗೆ ಪಿಂಚಣಿ ಸಿಕ್ತಾ?

— ನಗರದ ಪಿಂಚಣಿ ಅವರಿಗೆ ಸಿಗಲಿಲ್ಲ. ಅವರು ಆಗ ಸೋಷಿಯಲ್ ಸೆಕ್ಯುರಿಟಿಯ ದಾರಿ ಹಿಡಿದಿದ್ದರು, ಅದೊಂದರಲ್ಲೇ ಜೀವನ ಸಾಗಲಿಲ್ಲ. 2017ರಲ್ಲಿ, ಮುಷ್ಕರ ನಡೆದು 49 ವರ್ಷ ಆದ ಮೇಲೆ, ಆಗ ಬದುಕಿದ್ದ 14 ಜನರಿಗೆ ತಲಾ 50 ಸಾವಿರ ಡಾಲರ್ ಕೊಡ್ತೀವಿ ಅಂತ ಮೆಂಫಿಸ್ ನಗರ ಪ್ರಕಟಿಸಿತು. ಅವರಲ್ಲಿ ಕೆಲವರು ಆಗಲೂ ಅದೇ ಕೆಲಸದಲ್ಲಿದ್ದರು. ಒಬ್ಬರಿಗೆ ಎಂಬತ್ತು ದಾಟಿತ್ತು, ಇನ್ನೂ ಕಸದ ಲಾರಿ ಓಡಿಸ್ತಿದ್ದರು.